ಮಾರುಕಟ್ಟೆ ರಾಣಿಯರು (ಘಾನಾ)

ಪಶ್ಚಿಮ ಆಫ್ರಿಕದ ಘಾನಾ ದೇಶದ ಪೇಟೆಗಳಲ್ಲಿ ಒಂದೊಂದು ಬೆಳೆಯ ವ್ಯಾಪಾರಕ್ಕೂ ಮುಖ್ಯಸ್ಥೆಯಾಗಿರುವ ಹಿರಿಯ ವ್ಯಾಪಾರಿ ಹೆಂಗಸರು. ಟೊಮೆಟೊಗೆ ಒಬ್ಬಳು, ಈರುಳ್ಳಿಗೆ ಇನ್ನೊಬ್ಬಳು, ಯಾಮ್ ಗೆಡ್ಡೆಗೆ ಮತ್ತೊಬ್ಬಳು. ಸಾಮಾನ್ಯವಾಗಿ ಇವರನ್ನು ಆರಿಸುವವರು ಜೊತೆಯ ವ್ಯಾಪಾರಿಗಳೇ. ಜಗಳ ತೀರಿಸುವುದು, ಸಾವುನೋವಿನಲ್ಲಿ ನೆರವು ಕೂಡಿಸುವುದು, ಅಧಿಕಾರಿಗಳೊಡನೆ ವ್ಯವಹರಿಸುವುದು ಇವರ ಕೆಲಸ. ಟೊಮೆಟೊ ರಾಣಿಯರ ಹಿಡಿತ ಇನ್ನೂ ಬಿಗಿ: ಪೇಟೆಗೆ ಎಷ್ಟು ಲಾರಿ ಬರಬೇಕೆಂಬುದನ್ನೂ ಅವರೇ ನಿರ್ಧರಿಸುವುದುಂಟು. ಮಳೆಯಿಲ್ಲದ ತಿಂಗಳುಗಳಲ್ಲಿ ವ್ಯಾಪಾರಿ ಹೆಂಗಸರು ಗಡಿ ದಾಟಿ ಬುರ್ಕಿನಾ ಫಾಸೊದ ಹೊಲಗಳಿಂದಲೇ ಮಾಲು ತರುತ್ತಾರೆ. ಇವರು ಬೆಲೆ ಕೆಡಿಸುತ್ತಾರೆಂಬುದು ರೈತರ ಹಳೆಯ ದೂರು. ಅದರಲ್ಲಿ ಹುರುಳಿಲ್ಲದಿಲ್ಲ, ಆದರೆ ರೈತರಿಗೆ ಮುಂಗಡ ಕೊಡುವವರೂ, ಹಾದಿಯಲ್ಲಿ ಕೊಳೆತ ಮಾಲಿನ ನಷ್ಟ ಹೊರುವವರೂ ಅನೇಕ ವೇಳೆ ಈ ಹೆಂಗಸರೇ.

1979ರಲ್ಲಿ ಜೆರ್ರಿ ರಾಲಿಂಗ್ಸ್ ನೇತೃತ್ವದ ಸೇನಾ ಆಡಳಿತವು ಬೆಲೆಯೇರಿಕೆಯ ಹೊಣೆಯನ್ನು ವ್ಯಾಪಾರಿ ಹೆಂಗಸರ ತಲೆಗೆ ಕಟ್ಟಿ, ರಾಜಧಾನಿ ಅಕ್ರಾದ ಮಕೋಲಾ ಮಾರುಕಟ್ಟೆಯನ್ನು ನೆಲಸಮ ಮಾಡಿತು. ಸರಕಿನ ಕೊರತೆ ಅದರಿಂದ ನೀಗಲಿಲ್ಲ. ಕುಮಾಸಿ ನಗರದ ವ್ಯಾಪಾರಿ ಹೆಂಗಸರ ಬಗ್ಗೆ ಮಾನವಶಾಸ್ತ್ರಜ್ಞೆ ಗ್ರೇಸಿಯಾ ಕ್ಲಾರ್ಕ್ 1994ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿಷಯದ ಮುಖ್ಯ ಅಧ್ಯಯನಗಳಲ್ಲೊಂದು.