ಹಳೆಯ ಬಟ್ಟಲು, ಬೋಕಿಯ ಚೂರು

ನಮ್ಮ ಶಾಲೆಗೆ ನೂರು ತುಂಬಿದ ಈ ವರ್ಷ ಕಾನೂನಿನ ಮಾತೊಂದು ನೆನಪಾಗುತ್ತದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾಕೃತಿ ಪ್ರಾಚ್ಯವಸ್ತುವೆನಿಸುತ್ತದೆ. ಪರವಾನಗಿಯಿಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಇಂಥ ವಸ್ತುಗಳಲ್ಲಿ ಸಂಗ್ರಾಹಕರನ್ನು ಬಹಳವಾಗಿ ಸೆಳೆದವು ಮಧ್ಯಯುಗದ ಇಸ್ಲಾಮೀ ನಾಡುಗಳ ಚಿತ್ತಾರದ ಬಟ್ಟಲುಗಳು. 9ನೆಯ ಶತಮಾನದಲ್ಲಿ ಇರಾಕಿನ ಬಸ್ರಾದ ಕುಂಬಾರರು ಚೀನಾದ ಬಿಳಿಯ ಪಾತ್ರೆಗಳಿಗೆ ಮನಸೋತರು. ಆ ಬಿಳಿಮಣ್ಣು ಅವರಲ್ಲಿರಲಿಲ್ಲ. ಆದ್ದರಿಂದ ತಮ್ಮ ಹಳದಿ ಮಣ್ಣಿನ ಬಟ್ಟಲಿಗೇ ತವರ ಬೆರೆತ ಬಿಳಿಯ ಗಾಜಿನ ಲೇಪ ಕೊಟ್ಟು, ಅದರ ಮೇಲೆ ನೀಲಿಯ ಚಿತ್ರ ಬರೆದರು. ಮುಂದೆ ಬೆಳ್ಳಿ, ತಾಮ್ರಗಳ ಮಿಶ್ರಣವನ್ನು ಬಳಿದು, ಹೊಗೆ ತುಂಬಿದ ಆವಿಗೆಯಲ್ಲಿ ಮತ್ತೊಮ್ಮೆ ಸುಟ್ಟು, ಮಣ್ಣಿಗೆ ಚಿನ್ನದ ಹೊಳಪು ತಂದರು. ಹೊಗೆಯನ್ನು ಹೆಸರಿನಲ್ಲೇ ಹೊತ್ತ ಹೊಗೆನಕಲ್ಲಿನವರಾದ ನಮಗೆ ಈ ಸಂಗತಿ ಹಿಡಿಸದಿರದು.

ಈ ಕೌಶಲದ ಕುಡಿಯೊಂದು ಕನ್ನಡ ನಾಡಿನಲ್ಲಿಯೂ ಚಿಗುರಿತು. ಇರಾನಿನ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನನು 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸದ ಗೋಡೆಯ ಮೇಲೆ ಬಣ್ಣದ ಮೆರುಗಿನ ಬಿಲ್ಲೆಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಅದೂ ಒಂದು ವಿದ್ಯಾಶಾಲೆಯೇ. ಇನ್ನು ವಿಜಯಪುರದ ಚೀನಿ ಮಹಲಿಗೆ ಆ ಹೆಸರು ಬಂದುದು ಅಲ್ಲಿ ದೊರೆತ ಪಿಂಗಾಣಿ ಚೂರುಗಳಿಂದ ಎನ್ನುತ್ತಾರೆ. ಚೂರುಗಳು ಸಿಕ್ಕಿದ ಸ್ಥಳ ತಿಳಿದಿದ್ದುದರಿಂದಲೇ ಅವು ಅರಮನೆಯೊಂದಕ್ಕೆ ಹೆಸರಾದವು.

ಇರಾನಿನ ರೇ ಪಟ್ಟಣದ ಬಟ್ಟಲುಗಳಿಗೆ ಈ ಭಾಗ್ಯವಿರಲಿಲ್ಲ. ವ್ಯಾಪಾರಿಗಳ ಆಳುಗಳು ಅಲ್ಲಿನ ನೆಲವನ್ನು ಮನಬಂದಂತೆ ಅಗೆದರು. ಸಿಕ್ಕಿದ ಚೂರುಗಳನ್ನು, ಒಮ್ಮೊಮ್ಮೆ ಬೇರೆ ಬೇರೆ ಬಟ್ಟಲುಗಳ ಚೂರುಗಳನ್ನೇ, ಒಂದಾಗಿ ಅಂಟಿಸಿ, ಬಿರುಕಿನ ಮೇಲೆ ಹೊಸ ಬಣ್ಣ ಬಳಿದು ಇಡೀ ಬಟ್ಟಲೆಂದು ಮಾರಿದರು. ನಿಶಾಪುರದಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದವರು 1935ರಿಂದ ಕ್ರಮವಾಗಿ ಉತ್ಖನನ ನಡೆಸಿದರು. ಬರಿಯ ಅಂದವನ್ನು ನೋಡುವ ಸಂಗ್ರಾಹಕನಿಗೆ ಎರಡೂ ಒಂದೇ. ಇತಿಹಾಸಕ್ಕೆ ಮೊದಲನೆಯದು ಬಹುಮಟ್ಟಿಗೆ ಮೂಕ.

ನಮ್ಮ ಧರ್ಮಪುರಿ ಸೀಮೆಯ ಹೊಲಗಳಲ್ಲಿ ನೇಗಿಲಿಗೆ ಸಿಗುವುದು ಚಿನ್ನದ ಹೊಳಪಿನ ಬಟ್ಟಲಲ್ಲ, ಬೃಹತ್ ಶಿಲಾಯುಗದ ಕಪ್ಪು ಕೆಂಪು ಬೋಕಿ. ಮಕ್ಕಳು ಅದನ್ನು ಶಾಲೆಗೆ ತಂದರೆ, ಯಾವ ಹೊಲ, ಎಷ್ಟು ಆಳ, ಜೊತೆಗೆ ಇನ್ನೇನಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆಸಿ ಚೂರಿನ ಜೊತೆಗೇ ಇಡೋಣ. ನೆಲದಲ್ಲಿ ಹುದುಗಿದ, ಹತ್ತು ರೂಪಾಯಿಗೆ ಮೀರಿದ ಬೆಲೆಯುಳ್ಳ ವಸ್ತು ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆಯೇ ಹೇಳುತ್ತದೆ. ಧರ್ಮಪುರಿಯಲ್ಲಿ ಸರ್ಕಾರದ ವಸ್ತುಸಂಗ್ರಹಾಲಯವೂ ಇದೆ. ವೀರಗಲ್ಲುಗಳನ್ನು ನೋಡಲೆಂದಾದರೂ ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕು.