ಎರಡು ಗೂಟಗಳು

ಹೋದ ತಿಂಗಳು ಬೆಂಗಳೂರಿನಿಂದ ಬಂದ ನನ್ನ ಮೊಮ್ಮಗ ಹಜಾರದಲ್ಲಿ ಕುಳಿತು ತನ್ನ ಚೀಲ ಬಿಚ್ಚಿ ಅದರೊಳಗಿನ ಸಾಮಾನನ್ನು ಒಂದೊಂದಾಗಿ ಹರಡಿದ. ಬೆರಳುದ್ದದ ಟಾರ್ಚು, ಮಡಿಸುವ ಚಾಕು, ಸೀಟಿ, ಗಾಯದ ಪಟ್ಟಿ, ನಾಲ್ಕಾರು ಮಾತ್ರೆ, ಪವರ್ ಬ್ಯಾಂಕ್, ಎರಡು ಮಾರು ನೈಲಾನ್ ಹಗ್ಗ. ಮಳೆಯೋ ಬೆಂಕಿಯೋ ಅಪಘಾತವೋ, ಯಾವುದು ಯಾವಾಗ ಬಂದೀತೆಂದು ಹೇಳಲಾಗದು. ಆದ್ದರಿಂದ ಇವಿಷ್ಟು ಸದಾ ಜೊತೆಯಲ್ಲಿರಬೇಕು ಎಂದ. ಆಮೇಲೆ, "ತಾತ, ನಿಮ್ಮ ಕಾಲದಲ್ಲಿ ಇಂಥದ್ದೇನಾದರೂ ಇತ್ತೆ?" ಎಂದು ಕೇಳಿದ. ಇತ್ತೆಂದು ಉತ್ಸಾಹದಿಂದ ಅರ್ಧ ಗಂಟೆ ಹೇಳಿದೆ. ರಾತ್ರಿ ಮಲಗಿದ ಮೇಲೆ, ನಾನು ಕೊಟ್ಟದ್ದು ಅರ್ಧ ಉತ್ತರ ಮಾತ್ರ ಎನ್ನಿಸಿತು. ಉಳಿದ ಅರ್ಧವನ್ನೂ ಸೇರಿಸಿ ಇಂದು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ನಮ್ಮ ಮನೆ ಇದ್ದದ್ದು ಹೊಳೆನರಸೀಪುರದಲ್ಲಿ. ಜಮೀನು ಅರಕಲಗೂಡಿನ ಕಡೆಗೆ. ನನ್ನ ಸೋದರತ್ತೆಯನ್ನು ಕೊಟ್ಟದ್ದು ಚನ್ನರಾಯಪಟ್ಟಣಕ್ಕೆ. ದಾಯಾದಿಗಳ ವ್ಯಾಜ್ಯ ಹಾಸನದ ಕೋರ್ಟಿನಲ್ಲಿ. ಸಂಸಾರ ಹೀಗೆ ನಾಲ್ಕೂರಿಗೆ ಹಂಚಿಹೋಗಿದ್ದುದರಿಂದ ನನ್ನ ತಾತ ವರ್ಷದಲ್ಲಿ ಅರ್ಧ ದಾರಿಯ ಮೇಲೆಯೇ ಇರುತ್ತಿದ್ದರು. 1918ರಲ್ಲಿ ಮೈಸೂರು ಅರಸೀಕೆರೆ ರೈಲು ನಮ್ಮೂರ ಮೇಲೆ ಓಡತೊಡಗಿದ ನಂತರ ಹಾಸನಕ್ಕೆ ಹೋಗುವುದು ಸುಲಭವಾಯಿತು. ಅದರಿಂದ ವ್ಯಾಜ್ಯ ಬೇಗ ಮುಗಿಯಿತೆಂದು ಮಾತ್ರ ತಿಳಿಯಬೇಡಿ. ಉಳಿದೆರಡು ಊರಿಗೆ ಕಾಲೇ ಗತಿ. ಅದೃಷ್ಟವಿದ್ದರೆ ಯಾರದಾದರೂ ಎತ್ತಿನ ಗಾಡಿ.

ನಡುಮನೆಯ ಬಾಗಿಲ ಹಿಂದೆ ಗೋಡೆಗೆ ಬಡಿದ ಒಂದು ಮರದ ಗೂಟವಿತ್ತು. ಅದರಲ್ಲಿ ತಾತನ ಕಂಬಳಿ, ಎಲೆಯಡಿಕೆಯ ಸಂಚಿ, ಕೊರಳಿಗೆ ಹಗ್ಗ ಸುತ್ತಿದ ಹಿತ್ತಾಳೆಯ ಚೊಂಬು, ಹುರಿಹಿಟ್ಟಿನ ಚೀಲ, ಇಷ್ಟು ತೂಗುತ್ತಿದ್ದವು. ಕೆಳಗೆ ಮೂಲೆಯಲ್ಲಿ ಒಂದು ಬಿದಿರ ಕೋಲು. 1950ರ ಈಚೆಗೆ, ನನಗೆ ಬುದ್ಧಿ ತಿಳಿಯುವ ಹೊತ್ತಿಗೆ, ಬಸ್ಸು ಬಂದು ತಾತನ ನಡಿಗೆ ನಿಂತಿತ್ತು. ಆದರೂ ಆ ಗೂಟವನ್ನು ಮಕ್ಕಳು ಮುಟ್ಟುವಂತಿರಲಿಲ್ಲ.

ಹುರಿಹಿಟ್ಟು ಏಕೆ ಬೇಕಾಗಿತ್ತೆಂಬುದು ತಿಳಿಯಬೇಕಾದರೆ ಹೇಮಾವತಿಯ ಸ್ವಭಾವವನ್ನು ತಿಳಿಯಬೇಕು. ಆ ಹೊಳೆ ಹುಟ್ಟುವುದು ಮೂಡಿಗೆರೆಯ ಸೀಮೆಯಲ್ಲಿ. ಸಕಲೇಶಪುರದ ಮಳೆಯನ್ನೆಲ್ಲ ಕುಡಿದು ನಮ್ಮ ಬಯಲಿಗೆ ಇಳಿಯುತ್ತದೆ. ಆಷಾಢದಲ್ಲಿ ನಮ್ಮೂರಿನ ಆಕಾಶ ತಿಳಿಯಾಗಿರುವಾಗಲೇ ಹೊಳೆ ಕೆಂಪಾಗಿ ಏರಿಬಿಡುತ್ತಿತ್ತು. ಬೆಳಗ್ಗೆ ಮೊಣಕಾಲುದ್ದ ನೀರಿನಲ್ಲಿ ದಾಟಿಹೋದವನು ಸಂಜೆ ಹಿಂದಿರುಗಲಾರ. ಹರಿಗೋಲಿನವನು ಹರಿಗೋಲನ್ನು ದಂಡೆಗೆ ಬೋರಲು ಹಾಕಿ ಬೀಡಿ ಹಚ್ಚಿದನೆಂದರೆ, ಅರಕಲಗೂಡಿನಿಂದ ಚನ್ನರಾಯಪಟ್ಟಣಕ್ಕೆ ಹೊರಟವನು ಎಲ್ಲಿದ್ದನೋ ಅಲ್ಲಿಯೇ ಉಳಿಯಬೇಕು. ಒಂದು ದಿನವೋ ನಾಲ್ಕು ದಿನವೋ ಹೊಳೆಯೇ ಹೇಳಬೇಕು. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ಹುಟ್ಟಿದವರಿಗೆ ಈ ಕಾಯುವಿಕೆಯ ಕಲ್ಪನೆಯೂ ಬಾರದು.

ಅನ್ನದ ಬುತ್ತಿ ಮರುದಿನಕ್ಕೆ ಹಳಸುತ್ತದೆ, ರೊಟ್ಟಿ ಮೂರನೆಯ ದಿನಕ್ಕೆ ಬೂಸಲು ಹಿಡಿಯುತ್ತದೆ. ಹುರಿಹಿಟ್ಟಾದರೆ ತಿಂಗಳಿಗೂ ಕೆಡದು. ರಾಗಿಗೆ ನೀರು ಚಿಮುಕಿಸಿ ಹದಮಾಡಿ, ಕಾದ ಮರಳಿನಲ್ಲಿ ಅರಳಾಗುವಂತೆ ಹುರಿದು, ಬೀಸಿ, ಜರಡಿ ಹಿಡಿದ ಹಿಟ್ಟು ಅದು. ಒಮ್ಮೆ ಬೆಂಕಿ ಕಂಡಿರುವುದರಿಂದ ತಿನ್ನುವಾಗ ಒಲೆಯ ಹಂಗಿಲ್ಲ. ನೀರು, ಒಂದು ಚೂರು ಬೆಲ್ಲ, ಸಿಕ್ಕರೆ ಮಜ್ಜಿಗೆ, ಕಲಸಿದರೆ ಊಟ. ಅಜ್ಜಿ ಹದಿನೈದು ದಿನಕ್ಕೊಮ್ಮೆ ಚೀಲದ ಹಿಟ್ಟನ್ನು ಮನೆಯ ಮಕ್ಕಳಿಗೆ ಕಲಸಿಕೊಟ್ಟು ಹೊಸದನ್ನು ತುಂಬುತ್ತಿದ್ದರು. ಗಂಡಾಂತರಕ್ಕೆಂದೇ ಎತ್ತಿಟ್ಟು ಮರೆತ ವಸ್ತು ಗಂಡಾಂತರದ ದಿನ ಹುಳ ಹಿಡಿದಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮೊಮ್ಮಗನ ಮಾತ್ರೆಗಳ ಮೇಲಿನ ತಾರೀಖನ್ನು ನಾನು ಓದಿ ನೋಡಿದೆ. ಎರಡರ ಅವಧಿ ಮುಗಿದು ವರ್ಷವಾಗಿತ್ತು.

ಸಂಚಿಯ ವಿಷಯ ಹೇಳಲು ಹೊರಟರೆ ಈ ಭಾಷಣದ ಅವಧಿಯೆಲ್ಲ ಅದಕ್ಕೇ ಆದೀತು. ಸಾಹಿತ್ಯ ಓದಿದವರಿಗೆ ಸಂಚಿಯ ಹೊನ್ನಮ್ಮ ಗೊತ್ತು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ತಾಂಬೂಲದ ಸಂಚಿಯನ್ನು ಹಿಡಿಯುತ್ತಿದ್ದ ಊಳಿಗದಾಕೆ 'ಹದಿಬದೆಯ ಧರ್ಮ'ವನ್ನು ಬರೆದಳು. ಚೀಲದ ಹೆಸರು ಹೆಸರಿಗೇ ಅಂಟಿಕೊಂಡಿತು. ಅರಮನೆಯ ಸಂಚಿಗೆ ಹಿಡಿಯುವವರು ಬೇರೆ ಇದ್ದರು, ತಾತನ ಸಂಚಿ ಅವರ ಸೊಂಟದಲ್ಲೇ ಇತ್ತು, ಅಷ್ಟೇ ವ್ಯತ್ಯಾಸ. ಒಂದರೊಳಗೊಂದು ಅರೆ. ಎಲೆ ಒಂದರಲ್ಲಿ, ಅಡಿಕೆ ಮತ್ತು ಅಡಕತ್ತರಿ ಒಂದರಲ್ಲಿ, ಸುಣ್ಣದ ಡಬ್ಬಿ ಇನ್ನೊಂದರಲ್ಲಿ. ಒಳಗಿನ ಅರೆಯಲ್ಲಿ ದಾರ ಪೋಣಿಸಿದ ಸೂಜಿ, ಅರಿಸಿನದ ಕೊಂಬು, ಎರಡು ಲವಂಗ, ತಗಡಿನ ಡಬ್ಬಿಯೊಳಗೆ ಬೆಂಕಿಪೊಟ್ಟಣ. ಕಣಜ ಕುಟುಕಿದರೆ ಸುಣ್ಣ, ಹಲ್ಲುನೋವಿಗೆ ಲವಂಗ, ಗಾಯಕ್ಕೆ ಅರಿಸಿನ, ಮುಳ್ಳಿಗೆ ಸೂಜಿ. ದುಡ್ಡು ಸಂಚಿಯಲ್ಲಿರುತ್ತಿರಲಿಲ್ಲ. ಅದು ಅಂಗಿಯೊಳಗೆ ಸೊಂಟಕ್ಕೆ ಸುತ್ತಿದ ಹಮ್ಮಿಣಿಯಲ್ಲಿ. ಹಾವು ಕಚ್ಚಿದರೆ ಮೇಲ್ಗಡೆ ಬಿಗಿಯಲೆಂದು ಒಂದು ದಾರವೂ ಇತ್ತು. ಹಾಗೆ ಬಿಗಿಯುವುದು ಕೈಕಾಲಿಗೆ ಕೇಡು, ಕಚ್ಚಿದ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ ಎಂದು ಇಂದಿನ ವೈದ್ಯರು ಹೇಳುತ್ತಾರೆ. ಹಳೆಯದೆಲ್ಲ ಸರಿಯಾಗಿತ್ತೆಂದು ಸಾಧಿಸುವ ಹಟ ನನಗಿಲ್ಲ.

1991ರಲ್ಲಿ ಆಲ್ಪ್ಸ್ ಪರ್ವತದ ಮೇಲೆ, ಆಸ್ಟ್ರಿಯ ಇಟಲಿಗಳ ಗಡಿಯಲ್ಲಿ, ಹಿಮದೊಳಗೆ ಒಬ್ಬ ಮನುಷ್ಯನ ದೇಹ ಸಿಕ್ಕಿತು. ಅವನು ಸತ್ತು ಸುಮಾರು 5,300 ವರ್ಷವಾಗಿತ್ತು. ಅವನ ಬಳಿ ತಾಮ್ರದ ಕೊಡಲಿಯಿತ್ತು, ಚಕಮಕಿ ಕಲ್ಲಿನ ಚೂರಿಯಿತ್ತು. ಸೊಂಟದ ಚೀಲದಲ್ಲಿ ಕಿಡಿ ಹಿಡಿಯುವ ಒಣ ಅಣಬೆಯಿತ್ತು. ಮರದ ತೊಗಟೆಯ ಒಂದು ಪಾತ್ರೆಯಲ್ಲಿ ಹಸಿರೆಲೆಯಲ್ಲಿ ಸುತ್ತಿದ ಇದ್ದಲು. ಕೆಂಡವನ್ನು ಆರದಂತೆ ಒಯ್ಯುತ್ತಿದ್ದ ಪಾತ್ರೆ ಅದೆಂದು ವಿದ್ವಾಂಸರು ಹೇಳುತ್ತಾರೆ. ಆ ಪಟ್ಟಿಯನ್ನು ಓದಿದಾಗ ನನಗೆ ಬಾಗಿಲ ಹಿಂದಿನ ಗೂಟವೇ ಕಣ್ಣಿಗೆ ಕಟ್ಟಿತು.

ಕಂಬಳಿಯನ್ನು ಹೊಗಳದೆ ಮುಂದೆ ಹೋಗಲಾರೆ. ಕುರಿಯ ಕರಿಯ ಉಣ್ಣೆಯನ್ನು ನೂತು, ಹುಣಸೆಬೀಜದ ಸರಿ ಹಾಕಿ ಕುರುಬರು ನೆಯ್ದ ಕಂಬಳಿ. ಹೊಸದು ಮೈಗೆ ಚುಚ್ಚುತ್ತದೆ. ಹತ್ತು ಮಳೆಗಾಲ ಕಂಡ ಮೇಲೆ ಅದಕ್ಕಿಂತ ಮೆತ್ತನೆಯದಿಲ್ಲ. ಕೊಪ್ಪೆ ಹಾಕಿದರೆ ಕೊಡೆ, ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ನಾಲ್ಕು ಮೂಲೆ ಕಟ್ಟಿದರೆ ಧಾನ್ಯದ ಚೀಲ, ಎರಡು ಗಳುವಿಗೆ ಬಿಗಿದರೆ ರೋಗಿಯನ್ನು ಹೊರುವ ಡೋಲಿ. ಉಣ್ಣೆಗೆ ಮೈಲಿಗೆಯಿಲ್ಲ ಎಂಬ ನಂಬಿಕೆಯಿಂದ ಮಡಿವಂತರ ಮನೆಯ ಒಳಗೂ ಅದಕ್ಕೆ ಪ್ರವೇಶವಿತ್ತು. ಗಾಡಿ ಸಿಕ್ಕಾಗ ಅದರವನು ಬೇರೆ ಸಾಮಾನು ತರುತ್ತಿದ್ದ: ಬಿದಿರ ಗೊಟ್ಟದಲ್ಲಿ ಕೀಲೆಣ್ಣೆ, ಮಿಣಿ, ಇನ್ನೊಂದು ಕಡಾಣಿ. ಅಚ್ಚಿನ ತುದಿಯ ಈ ಬೆರಳುದ್ದದ ಕೀಲು ಜಾರಿದರೆ ಚಕ್ರ ಕಳಚಿ ಗಾಡಿಯೇ ಮಗುಚುತ್ತದೆ. ದೇಹವೆಂಬ ಗಾಡಿಗೆ ಭಕ್ತರ ನುಡಿಯೇ ಅಂಥ ಕೀಲು ಎಂಬ ಭಾವವನ್ನು ಜೇಡರ ದಾಸಿಮಯ್ಯ ವಚನದಲ್ಲಿ ತಂದಿದ್ದಾನೆ. ನಡುದಾರಿಯಲ್ಲಿ ಗಾಡಿ ಮಗುಚಿದ್ದನ್ನು ಕಣ್ಣಾರೆ ಕಂಡಿದ್ದವನೇ ಇರಬೇಕು.

ಮೊಮ್ಮಗನಿಗೆ ಹೇಳಿದ್ದು ಇಲ್ಲಿಯವರೆಗೆ. ಹೇಳದೆ ಉಳಿದದ್ದು ಎರಡನೆಯ ಗೂಟದ ವಿಷಯ.

ಆ ಗೂಟ ಮನೆಯೊಳಗಿರಲಿಲ್ಲ, ಹಿತ್ತಲ ಕೊಟ್ಟಿಗೆಯ ಹೊರಗೋಡೆಯಲ್ಲಿತ್ತು. ತಾತ ಒಬ್ಬರೇ ಎಂದೂ ದಾರಿ ನಡೆದವರಲ್ಲ. ನಮ್ಮ ಗದ್ದೆ ಗೇಯುತ್ತಿದ್ದ, ಊರಾಚೆಯ ಕೇರಿಯವರೊಬ್ಬರು ಹತ್ತು ಮಾರು ಹಿಂದೆ ಬರುತ್ತಿದ್ದರು. ನಮ್ಮ ಮನೆಯಲ್ಲಿ ಅವರನ್ನು ಕೂಗುತ್ತಿದ್ದ ಹೆಸರು ನನಗೆ ನೆನಪಿದೆ. ಅದು ಅವರ ಹೆಸರಾಗಿರಲಿಲ್ಲ, ಅವರ ಜಾತಿಯ ಹೆಸರಾಗಿತ್ತು. ಹೊರಗಿನ ಗೂಟ ಅವರದು. ಅದರಲ್ಲಿಯೂ ಒಂದು ಕಂಬಳಿ, ಒಂದು ಮಚ್ಚು, ಉಕ್ಕಿನ ತುಂಡು ಮತ್ತು ಚಕ್ಕುಮುಕ್ಕಿ ಕಲ್ಲಿದ್ದ ಚರ್ಮದ ಚೀಲ, ಕಿಡಿ ಹಿಡಿಯಲು ಬೂರುಗದ ಹತ್ತಿ. ಜೊತೆಗೆ ನೀರಿನ ಸೋರೆಬುರುಡೆ.

ಹುಡುಗನಾಗಿದ್ದಾಗ ನನಗೆ ಒಳಗಿನ ಗೂಟಕ್ಕಿಂತ ಅದರ ಮೇಲೆಯೇ ಹೆಚ್ಚು ಆಸೆ. ಶಿವಕಾಶಿಯಲ್ಲಿ ಬೆಂಕಿಪೊಟ್ಟಣದ ಕೆಲಸ 1923ರಲ್ಲೇ ಮೊದಲಾಗಿತ್ತು; ಪೊಟ್ಟಣ ಎಲ್ಲ ಅಂಗಡಿಗಳಿಗೂ ಬಂದ ಮೇಲೂ ಅವರು ಚಕ್ಕುಮುಕ್ಕಿ ಬಿಡಲಿಲ್ಲ. ಕಡ್ಡಿ ದುಡ್ಡಿಗೆ ಬರುತ್ತದೆ, ಮಳೆಗೆ ಹೋಗುತ್ತದೆ. ಕಲ್ಲಿಗೆ ಎರಡೂ ಇಲ್ಲ. ಬುರುಡೆ ಹಗುರ, ನೀರು ತಂಪಾಗಿರುತ್ತದೆ, ಬರಿದಾದಾಗ ಬಿರಡೆ ಬಿಗಿದು ಸೊಂಟಕ್ಕೆ ಕಟ್ಟಿಕೊಂಡರೆ ಹೊಳೆಯಲ್ಲಿ ತೇಲಿಸುತ್ತದೆ. ಬರಿಯ ಉಪಯೋಗದ ಲೆಕ್ಕದಿಂದ ನೋಡಿದರೆ ಹೊರಗಿನ ಗೂಟವೇ ಒಳಗಿನದಕ್ಕಿಂತ ಮೇಲು.

ಹಾಗೇಕೆಂದು ಹೊಳೆಯಲು ನನಗೆ ಬಹಳ ಕಾಲ ಹಿಡಿಯಿತು. ದಾರಿಯಲ್ಲಿ ಸೇದುವ ಬಾವಿ ಸಿಕ್ಕರೆ ತಾತ ಚೊಂಬಿನ ಹಗ್ಗ ಬಿಚ್ಚಿ ಇಳಿಬಿಡುತ್ತಿದ್ದರು. ನೀರನ್ನು ಹೊರುವ ಅಗತ್ಯ ಅವರಿಗೆ ಇರಲಿಲ್ಲ. ಊರೂರಿನ ಬಾವಿಯೂ ಅವರದೇ. ಚನ್ನರಾಯಪಟ್ಟಣದ ದಾರಿಯಲ್ಲಿ ಬೇಸಗೆಯ ಅರವಟ್ಟಿಗೆ ಇತ್ತು, ಕತ್ತಲಾದರೆ ಛತ್ರವಿತ್ತು, ನಂಟರ ಜಗಲಿಯಿತ್ತು. ಹಿಂದೆ ಬರುತ್ತಿದ್ದವರು ಆ ಬಾವಿಗೆ ಹಗ್ಗ ಬಿಡುವಂತಿರಲಿಲ್ಲ. ದಾರಿಯುದ್ದಕ್ಕೂ ಅವರ ಪಾಲಿಗೆ ನಿಶ್ಚಯವಾಗಿ ಇದ್ದದ್ದೆಂದರೆ ಹೊರೆ ಇಳುಹುವ ಹೊರೆಗಲ್ಲು ಮಾತ್ರ. ಅವರು ಬುರುಡೆಯಲ್ಲಿ ಹೊತ್ತದ್ದು ತಾತನಿಗೆ ದಾರಿಯಲ್ಲಿ ಸಿಕ್ಕುತ್ತಿದ್ದುದನ್ನು. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಬೊಗಸೆಯಲ್ಲಿ ಎತ್ತಿ ಕುಡಿದದ್ದನ್ನು ಶಾಲೆಯಲ್ಲಿ ಓದಿದಾಗ ನನಗೆ ನಮ್ಮ ಕೊಟ್ಟಿಗೆಯ ಗೋಡೆ ನೆನಪಾಗಲಿಲ್ಲ. ಆಗಬೇಕಿತ್ತು.

1924ರ ಜುಲೈ ತಿಂಗಳಲ್ಲಿ ಕಾವೇರಿಯ ಸೀಮೆಗೆಲ್ಲ ಮಹಾಪ್ರವಾಹ ಬಂದಿತು. ಅದರ ಕಥೆಯನ್ನು ತಾತ ನೂರು ಸಲ ಹೇಳಿದ್ದಾರೆ. ಚನ್ನರಾಯಪಟ್ಟಣದಿಂದ ಹಿಂದಿರುಗುತ್ತಿದ್ದವರು ಹೊಳೆಯ ಆಚೆ ದಡದಲ್ಲಿ ನಾಲ್ಕು ದಿನ ಸಿಕ್ಕಿಬಿದ್ದರು. ಮುರುಕು ಮಂಟಪವೊಂದರಲ್ಲಿ ಕಂಬಳಿ ಹೊದ್ದು, ಹುರಿಹಿಟ್ಟು ತಿಂದು ಬದುಕಿದರು. ಹುರಿಹಿಟ್ಟಿನ ಮಹಿಮೆಯಲ್ಲಿ ಆ ಕಥೆ ಮುಗಿಯುತ್ತಿತ್ತು. ತಾತ ತೀರಿಕೊಂಡ ಮೇಲೆ ಒಂದು ದಿನ ಅಜ್ಜಿ ತಾವಾಗಿಯೇ ಉಳಿದದ್ದನ್ನು ಹೇಳಿದರು. ಎರಡನೆಯ ರಾತ್ರಿಗೆ ಬೆಂಕಿಪೊಟ್ಟಣ ತಗಡಿನ ಡಬ್ಬಿಯೊಳಗೇ ತಂಪಾಗಿ ಹೋಗಿತ್ತು. ತಾತನಿಗೆ ಚಳಿಜ್ವರ. ಬೆಂಕಿ ಹೊತ್ತಿಸಿದ್ದು ಮಂಟಪದ ಹೊರಗೆ ಮರದಡಿ ಕುಳಿತಿದ್ದವರ ಚಕ್ಕುಮುಕ್ಕಿ. ಆ ಬೆಂಕಿಯನ್ನು ತಾತ ಒಳಕ್ಕೆ ತರಿಸಿಕೊಂಡರು, ಬೆಂಕಿಗೆ ಮೈಲಿಗೆಯಿಲ್ಲವಲ್ಲ. ಆದರೆ ಜ್ವರದ ಬಾಯಾರಿಕೆಯಲ್ಲಿ ಬುರುಡೆಯ ನೀರು ಕೊಡಲು ಬಂದಾಗ ಬೇಡವೆಂದರು. ಬೆಳಗಾಗುವವರೆಗೆ ಬಾಯೊಣಗಿ ಮಲಗಿದ್ದು ಊರಬಾವಿಗೆ ಹೋಗಿ ಸೇದಿ ಕುಡಿದರು. ಬರಿದಾದ ಬುರುಡೆಗೆ ಮೇಲಿನಿಂದ ನೀರು ಹೊಯ್ದದ್ದೂ ಅವರೇ. "ಅಷ್ಟು ಮಾಡಿದರು, ನಿನ್ನ ತಾತ" ಎಂದರು ಅಜ್ಜಿ. ಮೆಚ್ಚಿ ಹೇಳಿದರೋ ನೊಂದು ಹೇಳಿದರೋ ನನಗೆ ಇಂದಿಗೂ ಸ್ಪಷ್ಟವಿಲ್ಲ.

ಗೂಟದ ಸಾಮಾನು ಎರಡು ದಿನದ, ನಾಲ್ಕು ದಿನದ ಕಷ್ಟಕ್ಕೆ ಆಗುತ್ತಿತ್ತು. ಅದಕ್ಕಿಂತ ದೊಡ್ಡದಕ್ಕೆ ಇಲ್ಲ. 1876ರಿಂದ 78ರವರೆಗಿನ ಬರದಲ್ಲಿ ಯಾವ ಚೀಲದ ಹಿಟ್ಟು ಸಾಕಾದೀತು? 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನ 1881ರ ಗಣತಿಯಲ್ಲಿ ಸುಮಾರು 42 ಲಕ್ಷ. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಬಂದ ಮೇಲಂತೂ ಇಲಿ ಬಿದ್ದರೆ ಸಾಕು, ಊರಿಗೆ ಊರೇ ಎದ್ದು ಹೊಲಗಳಲ್ಲಿ ಗುಡಿಸಲು ಹಾಕುತ್ತಿತ್ತು. ತಾತ ಆಗ ಹುಡುಗ. ಅವರ ತಾಯಿ ಎತ್ತಿಕೊಂಡದ್ದು ಬೀಸುವಕಲ್ಲು, ದೇವರ ಪೆಟ್ಟಿಗೆ, ಸೆರಗಿನ ಗಂಟಿನಲ್ಲಿ ಎಂಟಾಣೆ. ಊರೊಳಗಿನವರೆಲ್ಲ ಊರಾಚೆಗೆ ಬಂದ ಆ ತಿಂಗಳುಗಳಲ್ಲಿಯೂ ಗುಡಿಸಲುಗಳ ಸಾಲು ಎರಡಾಗಿಯೇ ಇತ್ತೆಂದು ಕೇಳಿದ್ದೇನೆ.

1955ರಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾನೂನು ಬಂತು. ನಮ್ಮ ಕೊಟ್ಟಿಗೆಯನ್ನು ಕೆಡವಿದ್ದು 1968ರಲ್ಲಿ. ಒಳಗಿನ ಗೂಟ ಈಗಲೂ ಇದೆ. ಮನೆಯನ್ನು ಕೊಂಡವರು ಅದಕ್ಕೆ ಹೆಲ್ಮೆಟ್ ತೂಗುಹಾಕುತ್ತಾರೆ. ಹೊರಗಿನ ಗೂಟದವರ ಮೊಮ್ಮಗ ಹಾಸನದಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ನನ್ನ ಮೊಮ್ಮಗನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಕಾಫಿ ಕೊಟ್ಟರು. ಬುರುಡೆಯ ವಿಷಯ ಕೇಳಿದೆ. "ಬುರುಡೆ ಎಂದೋ ಒಡೆದುಹೋಯಿತು ಸಾರ್, ಉಕ್ಕಿನ ತುಂಡು ಮಾತ್ರ ಇದೆ" ಎಂದು ಒಳಗಿನಿಂದ ತಂದರು. ಒಂದು ಬದಿ ಸವೆದು ಒಳಕ್ಕೆ ಬಾಗಿತ್ತು. ಹುಡುಗ ಅದನ್ನು ಅಂಗಳದ ಬೆಣಚುಕಲ್ಲಿಗೆ ಹೊಡೆದ. ಐದಾರು ಏಟಿನ ಮೇಲೆ ಕಿಡಿ ಹಾರಿತು. ಹತ್ತಿ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ.