ರೇಡಿಯೋ ಬಿಚ್ಚಿದ ಹುಡುಗ ಮತ್ತು ಸುಟ್ಟ ಪೈಜಾಮ

ಮೊನ್ನೆ ಅಕ್ಕನ ಮಗಳು ಫೋನ್ ಮಾಡಿದ್ದಳು. ಸೆಕೆಂಡ್ ಪಿಯುಸಿ. ಇಂಗ್ಲೆಂಡಿಗೂ ಅಮೆರಿಕಕ್ಕೂ ಅರ್ಜಿ ಹಾಕಬೇಕಂತೆ. "ಮಾಮ, ಪರ್ಸನಲ್ ಸ್ಟೇಟ್‍ಮೆಂಟ್ ಯಾವಾಗ ಬರೆಯೋಕೆ ಶುರು ಮಾಡ್ಬೇಕು?" ಅಂತ ಕೇಳಿದಳು. ಕೊನೇ ದಿನಾಂಕದ ಹಿಂದಿನ ರಾತ್ರಿ ಅಂತ ಬಾಯಿಗೆ ಬಂತು, ನುಂಗಿಕೊಂಡೆ. ಯಾಕೆಂದರೆ ನಾನು ಮಾಡಿದ್ದು ಅದನ್ನೇ :-)

2001ರಲ್ಲಿ ಎಂ.ಎಸ್. ಮಾಡಲು ಅಮೆರಿಕಕ್ಕೆ ಅರ್ಜಿ ಹಾಕಿದಾಗ ಎಸ್.ಓ.ಪಿ. ಅನ್ನೋ ಪದವನ್ನು ಮೊದಲ ಸಲ ಕೇಳಿದ್ದು. ಹಾಸ್ಟೆಲ್ಲಿನ ಸೀನಿಯರ್ ಒಬ್ಬನ ಎಸ್.ಓ.ಪಿ. ಫ್ಲಾಪಿಯಲ್ಲಿ ರೂಮಿಂದ ರೂಮಿಗೆ ಓಡಾಡುತ್ತಿತ್ತು. ಚಿಕ್ಕಂದಿನಲ್ಲಿ ಮನೆಯ ರೇಡಿಯೋ ಬಿಚ್ಚಿ ಒಳಗೇನಿದೆ ಅಂತ ನೋಡಿದೆ, ಅಂದಿನಿಂದ ಎಲೆಕ್ಟ್ರಾನಿಕ್ಸ್ ಹುಚ್ಚು ಹಿಡಿಯಿತು ಅಂತ ಅದರ ಆರಂಭ. ಆ ವರ್ಷ ನಮ್ಮ ಕಾರಿಡಾರಿನ ನಾಲ್ಕು ಜನ ಚಿಕ್ಕಂದಿನಲ್ಲಿ ರೇಡಿಯೋ ಬಿಚ್ಚಿದ್ದೆವು! ನಿಜ ಹೇಳಬೇಕೆಂದರೆ ನಮ್ಮ ಮನೆಯ ರೇಡಿಯೋ ಮುಟ್ಟಲೂ ಅಜ್ಜ ಬಿಡುತ್ತಿರಲಿಲ್ಲ. ಐದು ಕಡೆ ಅರ್ಜಿ ಹಾಕಿದೆ, ಐದೂ ಕಡೆಯಿಂದ "ಇಲ್ಲ" ಅಂತ ಬಂತು.

ಅವಳಿಗೆ ಉತ್ತರ ಹೇಳುವ ಮುಂಚೆ, "ನೀನು ಯಾರು, ಬರೆದು ತಿಳಿಸು" ಅನ್ನೋ ಈ ಪ್ರಶ್ನೆ ಎಲ್ಲಿಂದ ಬಂತು ಅಂತ ನೋಡೋಣ ಅನ್ನಿಸಿತು. ಕೆದಕುತ್ತಾ ಹೋದರೆ ಕಥೆ ಅಷ್ಟೇನೂ ಚೆಂದದ್ದಲ್ಲ.

ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ದೊಡ್ಡ ಕಾಲೇಜುಗಳಿಗೆ ಸೇರಲು ಮುಖ್ಯವಾಗಿ ಬೇಕಿದ್ದದ್ದು ಪರೀಕ್ಷೆ ಪಾಸಾಗುವುದು. 1900ರಲ್ಲಿ ಕಾಲೇಜ್ ಬೋರ್ಡ್ ಹುಟ್ಟಿತು, 1901ರಲ್ಲಿ ಅದರ ಮೊದಲ ಪರೀಕ್ಷೆಗಳು ನಡೆದವು. ಪರೀಕ್ಷೆಗೆ ಒಂದು ಗುಣ ಇದೆ ನೋಡಿ, ಅದು ಅಪ್ಪನ ಊರು ಯಾವುದು ಅಂತ ಕೇಳಲ್ಲ. ಇದರ ಫಲ ಏನಾಯ್ತೆಂದರೆ, ಪೂರ್ವ ಯುರೋಪಿನಿಂದ ವಲಸೆ ಬಂದ ಬಡ ಯಹೂದಿ ಕುಟುಂಬಗಳ ಮಕ್ಕಳು ಓದಿ, ಪಾಸಾಗಿ ಒಳಗೆ ಬಂದರು. 1900ರ ಹೊತ್ತಿಗೆ ಹಾರ್ವರ್ಡ್‌ನಲ್ಲಿ ಶೇ. 7ರಷ್ಟಿದ್ದ ಯಹೂದಿ ವಿದ್ಯಾರ್ಥಿಗಳು 1922ಕ್ಕೆ ಶೇ. 21 ದಾಟಿದ್ದರು.

ಅಲ್ಲಿನ ಅಧ್ಯಕ್ಷ ಲೊವೆಲ್‌ಗೆ ಇದು ಸರಿಬರಲಿಲ್ಲ. ಶೇ. 15ರ ಮಿತಿ ಹಾಕೋಣ ಅಂದ. ಗಲಾಟೆಯಾಯ್ತು. 1923ರಲ್ಲಿ ಅಧ್ಯಾಪಕರ ಸಮಿತಿ ಇಂಥ ನೇರ ಮಿತಿ ಬೇಡ ಅಂತ ವರದಿ ಕೊಟ್ಟಿತು. ಸರಿ, ಬಾಗಿಲಲ್ಲಿ ಆಗದ್ದು ಕಿಟಕಿಯಲ್ಲಿ ಬಂತು. 1922ರಿಂದಲೇ ಅರ್ಜಿ ಫಾರಂನಲ್ಲಿ ಹೊಸ ಪ್ರಶ್ನೆಗಳು ಸೇರಿದ್ದವು. ಜನಾಂಗ ಯಾವುದು, ಧರ್ಮ ಯಾವುದು, ಅಮ್ಮನ ತವರಿನ ಹೆಸರೇನು, ಅಪ್ಪ ಹುಟ್ಟಿದ್ದೆಲ್ಲಿ, ನಿನ್ನದೋ ಅಪ್ಪನದೋ ಹೆಸರು ಬದಲಾಗಿದ್ದರೆ ಪೂರ್ತಿ ವಿವರಿಸು. ಕೊಲಂಬಿಯಾ ಇನ್ನೂ ಮೊದಲೇ, 1919ರ ಸುಮಾರಿಗೆ, ಧರ್ಮ, ಅಪ್ಪನ ಹುಟ್ಟೂರು ಕೇಳುವ, ಫೋಟೋ ಬೇಡುವ ಉದ್ದ ಫಾರಂ ಮಾಡಿತ್ತು. 1926ರಲ್ಲಿ ಹಾರ್ವರ್ಡ್ ಮೊದಲ ವರ್ಷದ ಸೀಟುಗಳಿಗೆ ಒಂದು ಸಾವಿರದ ಮಿತಿ ಹಾಕಿ, ಅಂಕದ ಜೊತೆಗೆ "ಚಾರಿತ್ರ್ಯ"ವನ್ನೂ ತೂಗುತ್ತೇವೆ ಅಂದಿತು. 1925ರಲ್ಲಿ ಶೇ. 27 ದಾಟಿದ್ದ ಯಹೂದಿ ವಿದ್ಯಾರ್ಥಿಗಳ ಪ್ರಮಾಣ ಬೇಗನೆ 15ರ ಆಸುಪಾಸಿಗೆ ಇಳಿಯಿತು. ಮಿತಿ ಅಂತ ಯಾರೂ ಎಲ್ಲೂ ಬರೆಯಲಿಲ್ಲ, ಅಷ್ಟೆ. ಜೆರೋಮ್ ಕರಾಬೆಲ್ ಅನ್ನುವ ಸಮಾಜಶಾಸ್ತ್ರಜ್ಞ 2005ರಲ್ಲಿ ಇದರ ಬಗ್ಗೆ ಒಂದು ದಪ್ಪ ಪುಸ್ತಕವನ್ನೇ ಬರೆದಿದ್ದಾರೆ.

ಅಂದರೆ "ನೀನು ಯಾರು" ಅಂತ ಕಾಲೇಜು ಕೇಳತೊಡಗಿದ್ದು ಪ್ರೀತಿಯಿಂದೇನೂ ಅಲ್ಲ. ಪರೀಕ್ಷೆ ಕೇಳದ ಪ್ರಶ್ನೆ ಕೇಳಿ ಕೆಲವರನ್ನು ಹೊರಗಿಡಲು.

ಪ್ರಶ್ನೆ ಮಾತ್ರ ಉಳಿಯಿತು. ಕಾಲ ಬದಲಾದ ಹಾಗೆ ಧರ್ಮ, ಫೋಟೋ ಎಲ್ಲ ಫಾರಂನಿಂದ ಹೋದವು, ವಿದ್ಯಾರ್ಥಿಯೇ ತನ್ನ ಬಗ್ಗೆ ಬರೆಯುವ ಪ್ರಬಂಧ ಗಟ್ಟಿಯಾಯಿತು. 1975ರಲ್ಲಿ 15 ಖಾಸಗಿ ಕಾಲೇಜುಗಳು ಸೇರಿ "ಕಾಮನ್ ಅಪ್ಲಿಕೇಶನ್" ಅಂತ ಒಂದೇ ಫಾರಂ ಮಾಡಿದವು. ಇವತ್ತು ಅದರಲ್ಲಿ ಸಾವಿರಕ್ಕೂ ಹೆಚ್ಚು ಕಾಲೇಜುಗಳಿವೆ. ಅದರ ಮುಖ್ಯ ಪ್ರಬಂಧದ ಮಿತಿ 650 ಪದ.

2023ರ ಜೂನ್ 29ರಂದು ಇನ್ನೊಂದು ತಿರುವು. ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ಹಿಡಿಯುವ ಹಾರ್ವರ್ಡ್‌ನ ಪದ್ಧತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆದರೆ ಅದೇ ತೀರ್ಪಿನಲ್ಲಿ, ಜನಾಂಗ ತನ್ನ ಬದುಕನ್ನು ಹೇಗೆ ಮುಟ್ಟಿತು ಅಂತ ವಿದ್ಯಾರ್ಥಿ ತಾನೇ ಬರೆದುಕೊಂಡರೆ ಅದನ್ನು ಓದಿ ಪರಿಗಣಿಸಲು ಅಡ್ಡಿಯಿಲ್ಲ ಅಂತಲೂ ಹೇಳಿತು. ವಿಚಿತ್ರ ಅಲ್ವಾ? ನೂರು ವರ್ಷದ ಹಿಂದೆ ಯಾವ ಪ್ರಶ್ನೆ ಜನರನ್ನು ಹೊರಗಿಟ್ಟಿತೋ, ಅದರ ಮೊಮ್ಮಗಳಂಥ ಪ್ರಬಂಧವೇ ಈಗ ತನ್ನ ಕಥೆ ಹೇಳಿಕೊಳ್ಳಲು ಉಳಿದ ಜಾಗ.

ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ ಹಿಂದೆ ಒಂದೊಂದು ವಿಶ್ವವಿದ್ಯಾಲಯಕ್ಕೂ ಬೇರೆ ಬೇರೆ ಅರ್ಜಿ ಹಾಕಬೇಕಿತ್ತು. 1961ರಲ್ಲಿ ಯು.ಸಿ.ಸಿ.ಎ. ಅನ್ನುವ ಕೇಂದ್ರ ಸಂಸ್ಥೆ ಹುಟ್ಟಿತು. 1993ರಲ್ಲಿ ಅದು ಪಾಲಿಟೆಕ್ನಿಕ್‌ಗಳ ಸಂಸ್ಥೆಯ ಜೊತೆ ಸೇರಿ ಇವತ್ತಿನ ಯುಕಾಸ್ ಆಯಿತು. ಎಲ್ಲ ವಿಶ್ವವಿದ್ಯಾಲಯಗಳಿಗೂ ಒಂದೇ ಅರ್ಜಿ, ಒಂದೇ ಸ್ಟೇಟ್‍ಮೆಂಟ್, 4000 ಅಕ್ಷರ. 2007ರಲ್ಲಿ ಯುಕಾಸ್ ನಕಲು ಹುಡುಕುವ ಸಾಫ್ಟ್‌ವೇರನ್ನು 50,000 ಅರ್ಜಿಗಳ ಮೇಲೆ ಓಡಿಸಿತು. 234 ಜನರು ತಾವು ಎಂಟು ವರ್ಷದವರಿದ್ದಾಗ ಕೆಮಿಸ್ಟ್ರಿ ಸೆಟ್ಟಿನಿಂದ ಪೈಜಾಮ ಸುಟ್ಟುಕೊಂಡಿದ್ದನ್ನು ಬರೆದಿದ್ದರು! ಅದು ಇಂಟರ್‌ನೆಟ್ಟಿನಲ್ಲಿದ್ದ ಒಂದು ಮಾದರಿಯಿಂದ ಎತ್ತಿದ್ದು. ಓದಿ ನಕ್ಕೆ, ಆಮೇಲೆ ನಮ್ಮ ಹಾಸ್ಟೆಲ್ಲಿನ ರೇಡಿಯೋ ನೆನಪಾಗಿ ಸುಮ್ಮನಾದೆ.

2012ರಲ್ಲಿ ಮ್ಯಾಂಚೆಸ್ಟರಿನ ಸ್ಟೀವನ್ ಜೋನ್ಸ್ ಒಂದು ಅಧ್ಯಯನ ಮಾಡಿದರು. ಒಂದೇ ಅಂಕ ತೆಗೆದ ಹುಡುಗರ ಸ್ಟೇಟ್‍ಮೆಂಟುಗಳನ್ನು ಇಟ್ಟು ನೋಡಿದರೆ, ಖಾಸಗಿ ಶಾಲೆಯವರದ್ದರಲ್ಲಿ ತಪ್ಪು ಕಡಿಮೆ, ದೊಡ್ಡ ದೊಡ್ಡ ಕಡೆ ಕೆಲಸ ಕಲಿತ ಅನುಭವ ಜಾಸ್ತಿ. ತಿದ್ದುವ ಮೇಷ್ಟ್ರು, ಅಪ್ಪನ ಪರಿಚಯ, ಎರಡೂ ಅವರಿಗಿತ್ತು. ಇಂಥ ಟೀಕೆಗಳೆಲ್ಲ ಸೇರಿ ಕೊನೆಗೆ ಫಾರಂ ಬದಲಾಯಿತು. 2026ರಲ್ಲಿ ಸೇರುವವರಿಂದ ಮೊದಲುಗೊಂಡು ಉದ್ದ ಪ್ರಬಂಧದ ಬದಲು ಮೂರು ಪ್ರಶ್ನೆ: ಈ ಕೋರ್ಸ್ ಯಾಕೆ? ನಿನ್ನ ಓದು ನಿನ್ನನ್ನು ಹೇಗೆ ತಯಾರು ಮಾಡಿತು? ಓದಿನ ಹೊರಗೆ ಏನು ಮಾಡಿದೆ? ಮೂರೂ ಸೇರಿ ಅದೇ 4000 ಅಕ್ಷರ.

ನಮ್ಮ ಕರ್ನಾಟಕದ ಮಕ್ಕಳಿಗೆ ಈ ಪ್ರಶ್ನೆ ಯಾಕೆ ಇಷ್ಟು ಕಷ್ಟ ಗೊತ್ತಾ? ನಮ್ಮನ್ನು ಯಾರೂ ಇದನ್ನು ಕೇಳಿರುವುದಿಲ್ಲ. 1994ರಲ್ಲಿ ಸಿ.ಇ.ಟಿ. ಬಂದ ಮೇಲೆ ನಾವು ಒಂದು ರ್‍ಯಾಂಕು. ಇದನ್ನು ದೂರಾಗಿ ಹೇಳುತ್ತಿಲ್ಲ. ಊರಿನ ರೈತನ ಮಗನಾದ ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದು ಆ ರ್‍ಯಾಂಕಿನಿಂದ. ಅವತ್ತು ಯಾರಾದರೂ "ನಿನ್ನ ಬಗ್ಗೆ ಎರಡು ಪುಟ ಬರಿ" ಅಂದಿದ್ದರೆ ಊರಿಗೆ ವಾಪಸ್ ಬಸ್ಸು ಹತ್ತುತ್ತಿದ್ದೆನೇನೋ. ಹಾರ್ವರ್ಡ್‌ಗೆ ಆ ವಲಸಿಗರ ಮಕ್ಕಳು ಬಂದದ್ದೂ ಹೀಗೆಯೇ. ಆದರೆ ಹದಿನೆಂಟು ವರ್ಷ ರ್‍ಯಾಂಕಿಗೆ ಓದಿದವನಿಗೆ "ನೀನು ಯಾರು" ಅಂದರೆ ಗಾಬರಿಯಾಗುತ್ತದೆ. ಗಾಬರಿಯಾದವನು ಸೀನಿಯರ್‌ನ ಫ್ಲಾಪಿ ಹುಡುಕುತ್ತಾನೆ. ಈಗಂತೂ ಫ್ಲಾಪಿಯೂ ಬೇಡ, ಒಂದು ಸಾಲು ಟೈಪ್ ಮಾಡಿದರೆ ಕಂಪ್ಯೂಟರೇ ನೂರು ರೇಡಿಯೋ ಬಿಚ್ಚಿ ಕೊಡುತ್ತದೆ.

ಹಾಗಾದರೆ ನನ್ನ ಹತ್ತಿರ ಬರೆಯಲು ಏನೂ ಇರಲಿಲ್ಲವಾ? ಇತ್ತು. ನಮ್ಮ ತೋಟದ ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟು ಬರುತ್ತಿದ್ದದ್ದು ರಾತ್ರಿ ಒಂದಕ್ಕೋ ಎರಡಕ್ಕೋ. ಅಪ್ಪ ನಿದ್ದೆಗೆಟ್ಟು ಕಾಯಬೇಕಿತ್ತು. ಪಿಯುಸಿ ರಜೆಯಲ್ಲಿ ಹಳೇ ರಿಲೇ ಒಂದನ್ನು ತಂದು, ಕರೆಂಟು ಬಂದ ಕೂಡಲೇ ಜಗುಲಿಯಲ್ಲಿ ಬೆಲ್ಲು ಹೊಡೆಯುವ ಹಾಗೆ ಮಾಡಿದ್ದೆ. ಎರಡು ಸಲ ಫ್ಯೂಸ್ ಹೋಯ್ತು, ಅಪ್ಪ ಬೈದರು, ಮೂರನೇ ಸಲ ಬೆಲ್ಲು ಹೊಡೆಯಿತು. ಅಪ್ಪ ಆಮೇಲೆ ನಿದ್ದೆ ಮಾಡಿದರು. ಇದು ಎಸ್.ಓ.ಪಿ.ಯಲ್ಲಿ ಬರೆಯುವ ವಿಷಯ ಅಂತ ನನಗೆ ಹೊಳೆದದ್ದು ಅರ್ಜಿ ಹಾಕಿ ಎಷ್ಟೋ ವರ್ಷಗಳಾದ ಮೇಲೆ. ಬರೆದಿದ್ದರೆ ಸೀಟು ಸಿಗುತ್ತಿತ್ತು ಅನ್ನುತ್ತಿಲ್ಲ. "ಇಲ್ಲ" ಅಂದಿದ್ದರೂ ಅದು ನನಗೆ ಅಂದಹಾಗೆ ಇರುತ್ತಿತ್ತು. ಐದು ಕಡೆ "ಇಲ್ಲ" ಅನ್ನಿಸಿಕೊಂಡವನು ಆ ರೇಡಿಯೋ ಬಿಚ್ಚಿದ ಹುಡುಗ, ನಾನಲ್ಲ.

ಹಿಂದಿನ ರಾತ್ರಿ ಕೂತರೆ ಹೊಳೆಯುವುದು ಊರೆಲ್ಲ ಬರೆಯುವ ಮಾತು. ನಮ್ಮದೇ ಮಾತು ನಿಧಾನವಾಗಿ ಬರುತ್ತದೆ, ನಾಚಿಕೆ ಅದಕ್ಕೆ. ಅಕ್ಕನ ಮಗಳಿಗೆ ಕೊನೆಗೆ ಹೇಳಿದ್ದು ಇಷ್ಟು.

ಎಂಟನೇ ಕ್ಲಾಸಿನಿಂದ ಶುರು ಮಾಡುವ ಹುಚ್ಚು ಬೇಡ. ಆಗ ಅರ್ಜಿಗೋಸ್ಕರ ಬದುಕಬೇಕಾಗುತ್ತದೆ. ಫಸ್ಟ್ ಪಿಯುಸಿಯಲ್ಲಿ ಒಂದು ನೋಟ್‌ಬುಕ್ ಇಟ್ಟು, ಓದಿದ್ದು, ಕೆಟ್ಟುಹೋದದ್ದು, ಯಾಕೆ ಅಂತ ಕಾಡಿದ್ದು ಗೀಚಿಟ್ಟರೆ ಸಾಕು. ಆ ಪರೀಕ್ಷೆ ಮುಗಿದು ಸಿಗುವ ಬೇಸಿಗೆ ರಜೆಯಲ್ಲಿ ಮೊದಲ ಕರಡು. ಕೆಟ್ಟದಾಗಿದ್ದರೂ ಪರವಾಗಿಲ್ಲ, ಕನ್ನಡದಲ್ಲಿ ಬಂದರೆ ಕನ್ನಡದಲ್ಲೇ. ಎರಡು ವಾರ ಮುಟ್ಟಬಾರದು. ಆಮೇಲೆ ತಿದ್ದಿ, ಅವಳನ್ನು ಬಲ್ಲ ಒಬ್ಬರಿಗೆ, ಬಲ್ಲದ ಒಬ್ಬರಿಗೆ ಓದಲು ಕೊಡಬೇಕು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ಮೆಡಿಕಲ್‌ಗೆ ಯುಕಾಸ್ ಗಡುವು ಅಕ್ಟೋಬರ್ 15, ಅಲ್ಲಿನ ಸಂಜೆ ಆರು ಗಂಟೆ, ನಮ್ಮ ರಾತ್ರಿ ಹತ್ತೂವರೆ. ಉಳಿದ ಹೆಚ್ಚಿನ ಕೋರ್ಸುಗಳಿಗೆ ಜನವರಿ. ಅಮೆರಿಕದ ಕಾಮನ್ ಅಪ್ಲಿಕೇಶನ್ ಆಗಸ್ಟ್ 1ಕ್ಕೆ ತೆರೆಯುತ್ತದೆ, ಬೇಗ ಹಾಕುವವರಿಗೆ ಬಹಳ ಕಡೆ ನವೆಂಬರ್ 1. ಸೆಪ್ಟೆಂಬರ್ ಕೊನೆಗೆ ಮುಗಿಸಿಬಿಟ್ಟರೆ ಸೆಕೆಂಡ್ ಪಿಯುಸಿ ಓದಿಗೂ ತೊಂದರೆಯಿಲ್ಲ.

ಎಲ್ಲ ಕೇಳಿಸಿಕೊಂಡು ಅವಳು, "ಆದ್ರೆ ಮಾಮ, ನನ್ನ ಹತ್ರ ಬರೆಯೋಕೆ ಅಂಥದ್ದೇನೂ ಇಲ್ವಲ್ಲ" ಅಂದಳು. ತಾತನ ಬೆಲ್ಲಿನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಾದ್ರೆ ಒಂದಿದೆ" ಅಂದಳು. ಏನು ಅಂತ ನಾನು ಕೇಳಲಿಲ್ಲ, ಅವಳೇ ಬರೆಯಲಿ.

ನಿಮ್ಮಲ್ಲಿ ಎಷ್ಟು ಜನ ರೇಡಿಯೋ ಬಿಚ್ಚಿದ್ದಿರಿ? ನಾಚಿಕೊಳ್ಳದೆ ಹೇಳಿ :-)